ಮೊಟ್ಟೆ ತಿಂದ ಮೇಲೆ ಮೈತುಂಬ ದದ್ದು: ಅಲರ್ಜಿಯೋ, ಜ್ವರದ ಗಂದೆಯೋ?

ಪುಟಾಣಿಯ ಅಮ್ಮ

ನಮ್ಮ ಮಗನಿಗೆ ಹನ್ನೊಂದು ತಿಂಗಳು. ಕಳೆದ ಭಾನುವಾರ ಬೆಳಿಗ್ಗೆ ಮೊದಲ ಸಲ ಮೊಟ್ಟೆಯನ್ನು ಕದಡಿ, ಮೆತ್ತಗೆ ಬೇಯಿಸಿ ತಿನ್ನಿಸಿದೆ. ಮೂರು ಚಿಕ್ಕ ಚಮಚ ತಿಂದಿರಬಹುದು. ಬಟ್ಟಲು ತೊಳೆದು ಬರುವಷ್ಟರಲ್ಲಿ ಗದ್ದದ ಸುತ್ತ ಕೆಂಪು ಮೂಡಿತ್ತು. ತಿಂದದ್ದು ಅಂಟಿಕೊಂಡಿರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಅಂಗಿ ಎತ್ತಿ ನೋಡಿದರೆ ಎದೆ, ಹೊಟ್ಟೆಯ ಮೇಲೆಲ್ಲ ಸೊಳ್ಳೆ ಕಚ್ಚಿದಂಥ ಉಬ್ಬುಗಳು. ನೋಡುತ್ತಿದ್ದಂತೆಯೇ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಮ್ಮೆ ವಾಂತಿ ಮಾಡಿದ. ಉಸಿರಾಟಕ್ಕೆ ತೊಂದರೆಯಾಗಲಿಲ್ಲ, ತುಟಿ ಊದಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅರ್ಧಕ್ಕರ್ಧ ಇಳಿದಿತ್ತು. ಅಲ್ಲಿ ಒಂದು ಸಿರಪ್ ಕೊಟ್ಟು ಕಳುಹಿಸಿದರು.

ಗೊಂದಲ ಶುರುವಾದದ್ದು ಆಮೇಲೆ. ಅವನಿಗೆ ಎರಡು ದಿನ ಮೊದಲಿನಿಂದ ನೆಗಡಿ, ಸಣ್ಣ ಜ್ವರ ಇತ್ತು. ಇದು ಜ್ವರದ ಗಂದೆ ಎಂದು ನನ್ನ ಗಂಡ ಹೇಳುತ್ತಾರೆ. ಮೊಟ್ಟೆ ಹಾಕಿದ ಕೇಕನ್ನು ನಾಲ್ಕೈದು ಸಲ ತಿಂದಿದ್ದಾನೆ, ಆಗೆಲ್ಲ ಏನೂ ಆಗಿಲ್ಲ, ಹಾಗಾಗಿ ಮೊಟ್ಟೆ ಕಾರಣವಾಗಿರಲಾರದು ಎಂಬುದು ನನ್ನ ತಂಗಿಯ ವಾದ. ನಾನು ಮನಸ್ಸು ತಡೆಯದೆ ಒಂದು ಪ್ರಯೋಗಾಲಯಕ್ಕೆ ಅವನ ರಕ್ತ ಕೊಟ್ಟು ತೊಂಬತ್ತು ಆಹಾರಗಳ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ಹದಿನೇಳು ಆಹಾರಗಳ ಮುಂದೆ ಕೆಂಪು ಗುರುತು. ಹಾಲು, ಗೋಧಿ, ಮೊಟ್ಟೆ, ಸೋಯಾ, ಬಾಳೆಹಣ್ಣು ಕೂಡ. ಅತ್ತೆ ಹೆದರಿ ಎಲ್ಲವನ್ನೂ ನಿಲ್ಲಿಸಿಬಿಡು ಎಂದರು. ನಿಲ್ಲಿಸಿದ್ದೇನೆ. ನಾಲ್ಕು ದಿನವಾಯಿತು. ಇಷ್ಟಪಟ್ಟು ತಿನ್ನುತ್ತಿದ್ದ ಬಾಳೆಹಣ್ಣನ್ನು ಕಂಡು ಕೈ ಚಾಚುತ್ತಾನೆ, ನಾನು ಎತ್ತಿ ಮರೆಯಲ್ಲಿಡುತ್ತೇನೆ. ಇದನ್ನು ಸರಿಯಾಗಿ ಪತ್ತೆ ಮಾಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಅವಳಿಗಳ ಅಪ್ಪ

ಒಂದು ಮಾತು ಖಚಿತವಾಗಿ ತಿಳಿಸಿ: ಮೊದಲ ತುತ್ತಿಗೂ ಮೊದಲ ಕೆಂಪಿಗೂ ನಡುವೆ ಎಷ್ಟು ನಿಮಿಷ? "ಸ್ವಲ್ಪ ಹೊತ್ತು" ಸಾಲದು. ನಮ್ಮ ಅವಳಿಗಳಲ್ಲಿ ಒಬ್ಬಳಿಗೆ ಹೀಗೇ ಆದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ ಇದು, ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ನಿಮಿಷ ಎಂದೆ, ನನ್ನ ಹೆಂಡತಿ ಒಂದು ಗಂಟೆ ಎಂದಳು. ಇಬ್ಬರೂ ಮನಃಪೂರ್ವಕವಾಗಿಯೇ ಹೇಳಿದ್ದೆವು. ಭಯದಲ್ಲಿ ಹೊತ್ತಿನ ಲೆಕ್ಕ ತಪ್ಪುತ್ತದೆ.

ದದ್ದು ಎಷ್ಟು ಹೊತ್ತು ಇತ್ತು, ಮರುದಿನ ಮತ್ತೆ ಬಂತೇ ಎಂಬುದನ್ನೂ ಬರೆಯಿರಿ. ನಮ್ಮವಳದು ಮೂರು ದಿನ ಬಂದು ಹೋಗಿ ಮಾಡಿತು. ಬೆಳಿಗ್ಗೆ ತೊಡೆಯ ಮೇಲೆ, ಸಂಜೆ ಬೆನ್ನ ಮೇಲೆ. ಕೊನೆಗೆ ಅದು ವೈರಸ್ ಸೋಂಕಿನ ಗಂದೆ ಎಂದೇ ತೀರ್ಮಾನವಾಯಿತು. ನಾವು ಸುಮ್ಮಸುಮ್ಮನೆ ಮೀನಿನ ಮೇಲೆ ಅನುಮಾನಪಟ್ಟಿದ್ದೆವು.

ಪುಟಾಣಿಯ ಅಮ್ಮ

ನಿಮ್ಮ ಪ್ರಶ್ನೆ ಓದಿ ಮೊಬೈಲ್ ತೆರೆದು ನೋಡಿದೆ. ಮೊದಲ ತುತ್ತು ತಿನ್ನುವುದನ್ನು ಅಜ್ಜಿಗೆ ಕಳುಹಿಸಲೆಂದು ಚಿತ್ರ ತೆಗೆದಿದ್ದೆ: 8 ಗಂಟೆ 41 ನಿಮಿಷ. ಎದೆಯ ಮೇಲಿನ ದದ್ದುಗಳ ಚಿತ್ರ 8 ಗಂಟೆ 59 ನಿಮಿಷಕ್ಕೆ. ಗದ್ದದ ಕೆಂಪು ಅದಕ್ಕಿಂತ ಮೊದಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ತಿಳಿಯಾಗಿತ್ತು, ಆಮೇಲೆ ಮತ್ತೆ ಬಂದಿಲ್ಲ. ನೆಗಡಿ ಮಾತ್ರ ಇನ್ನೂ ನಾಲ್ಕು ದಿನ ಇತ್ತು.

ಮಕ್ಕಳ ವೈದ್ಯೆ

ಮಕ್ಕಳ ಅಲರ್ಜಿ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನೆ. ಮಗುವನ್ನು ಕಣ್ಣಾರೆ ನೋಡದೆ ರೋಗನಿರ್ಣಯ ಹೇಳುವುದು ತಪ್ಪು, ಹೇಳುವುದಿಲ್ಲ. ಆದರೆ ಆ ಎರಡು ಚಿತ್ರಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. ನಿಮ್ಮ ತೊಂಬತ್ತು ಸಾಲಿನ ವರದಿಗಿಂತ ಅವು ಹೆಚ್ಚು ಹೇಳುತ್ತವೆ.

ಆಹಾರದ ಅಲರ್ಜಿಯಲ್ಲಿ ಎರಡು ದೊಡ್ಡ ಬಗೆ. ಒಂದರಲ್ಲಿ ಐಜಿಇ ಎಂಬ ಪ್ರತಿಕಾಯ, ಅಂದರೆ ದೇಹ ತನ್ನ ರಕ್ಷಣೆಗೆಂದು ತಯಾರಿಸುವ ಒಂದು ಪ್ರೋಟೀನು, ಕೆಲಸ ಮಾಡುತ್ತದೆ. 1966ರಲ್ಲಿ ಜಪಾನಿನ ವಿಜ್ಞಾನಿಗಳಾದ ಇಶಿಝಾಕಾ ದಂಪತಿ ಇದನ್ನು ಗುರುತಿಸಿದರು. ಚರ್ಮ, ಕರುಳು, ಗಾಳಿದಾರಿಯ ಕೋಶಗಳ ಮೇಲೆ ಇದು ಮೊದಲೇ ಕುಳಿತಿರುತ್ತದೆ. ತನಗೆ ಪರಿಚಿತವಾದ ಪ್ರೋಟೀನು ಬಂದೊಡನೆ ಆ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಹಾಗಾಗಿ ಲಕ್ಷಣಗಳು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಕಾಣಿಸುತ್ತವೆ: ಗಂದೆ, ತುಟಿ ಕಣ್ಣುರೆಪ್ಪೆಗಳ ಊತ, ವಾಂತಿ, ಕೆಮ್ಮು, ಉಬ್ಬಸ. ಇನ್ನೊಂದು ಬಗೆಯಲ್ಲಿ ಐಜಿಇ ಇರುವುದಿಲ್ಲ, ಲಕ್ಷಣಗಳು ಗಂಟೆಗಳ ಅಥವಾ ದಿನಗಳ ನಂತರ, ಹೆಚ್ಚಾಗಿ ಹೊಟ್ಟೆ ಕರುಳಿನಲ್ಲಿ ಕಾಣಿಸುತ್ತವೆ. ನಿಮ್ಮ ಮಗನ ಹದಿನೆಂಟು ನಿಮಿಷ ಮೊದಲ ಬಗೆಯ ಕಡೆಗೆ ಬೆರಳು ತೋರಿಸುತ್ತದೆ.

ಇನ್ನು ಮನೆಯವರ ವಾದಗಳು. ಜ್ವರದ ಗಂದೆ ಎಂಬುದು ಹುಸಿ ಮಾತಲ್ಲ. ಚಿಕ್ಕ ಮಕ್ಕಳಲ್ಲಿ ದಿಢೀರ್ ಗಂದೆಗೆ ಅತಿ ಸಾಮಾನ್ಯ ಕಾರಣ ವೈರಸ್ ಸೋಂಕೇ. ಆದರೆ ಅದು ಅವಳಿಗಳ ಅಪ್ಪ ಹೇಳಿದಂತೆ ದಿನಗಟ್ಟಲೆ ಅಲೆದಾಡುತ್ತದೆ. ನಿಮ್ಮ ಮಗನದು ತಿಂದ ಕೂಡಲೇ ಎದ್ದು, ಕೆಲವೇ ಗಂಟೆಗಳಲ್ಲಿ ಇಳಿದು, ಸೋಂಕು ಮುಂದುವರಿದಿದ್ದರೂ ಮತ್ತೆ ಬರಲಿಲ್ಲ. ಜ್ವರವಿದ್ದಾಗ ಅಲರ್ಜಿಯ ಪ್ರತಿಕ್ರಿಯೆ ಸ್ವಲ್ಪ ಆಹಾರಕ್ಕೇ, ಹೆಚ್ಚು ಜೋರಾಗಿ ಬರುವುದೂ ಉಂಟು. ಹಾಗಾಗಿ ನಿಮ್ಮ ಯಜಮಾನರ ಮಾತಿನಲ್ಲೂ ಅರ್ಧ ನಿಜ ಇರಬಹುದು.

ಕೇಕಿನ ವಾದ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹಿಟ್ಟಿನೊಂದಿಗೆ ಕಲಸಿ, ಅರ್ಧ ಗಂಟೆ ಒಲೆಯ ಕಾವಿನಲ್ಲಿ ಬೆಂದ ಮೊಟ್ಟೆಯೂ ಬಾಣಲೆಯಲ್ಲಿ ಎರಡು ನಿಮಿಷ ಕದಡಿದ ಮೊಟ್ಟೆಯೂ ದೇಹದ ರಕ್ಷಣಾ ವ್ಯವಸ್ಥೆಗೆ ಒಂದೇ ಅಲ್ಲ. ಮೊಟ್ಟೆಯ ಕೆಲವು ಪ್ರೋಟೀನುಗಳು ಕಾವಿಗೆ ಆಕಾರ ಕಳೆದುಕೊಳ್ಳುತ್ತವೆ. ಮೊಟ್ಟೆ ಅಲರ್ಜಿ ಇರುವ ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿ ಕೇಕಿನಲ್ಲಿ ಬೆಂದ ಮೊಟ್ಟೆಯನ್ನು ತೊಂದರೆಯಿಲ್ಲದೆ ತಿನ್ನುತ್ತಾರೆ. ಕೇಕ್ ತಿಂದ ಎಂಬುದು ಒಳ್ಳೆಯ ಸುದ್ದಿಯೇ. ಅಷ್ಟರಿಂದ ಮೊಟ್ಟೆ ನಿರಪರಾಧಿ ಎಂದಾಗುವುದಿಲ್ಲ.

ನನಗೆ ಎರಡು ವಿಷಯ ಬೇಕು. ಆ ವರದಿಯಲ್ಲಿ ಐಜಿಇ ಎಂದಿದೆಯೋ ಐಜಿಜಿ ಎಂದಿದೆಯೋ? ಮಗನಿಗೆ ಎಕ್ಸಿಮಾ, ಅಂದರೆ ಒಣಗಿ ತುರಿಸುವ ಚರ್ಮ ಇದೆಯೇ?

ಪುಟಾಣಿಯ ಅಮ್ಮ

ಐಜಿಜಿ4 ಎಂದಿದೆ. ಎಕ್ಸಿಮಾ ಮೂರನೆಯ ತಿಂಗಳಿನಿಂದ ಇದೆ. ಮೊಣಕಾಲಿನ ಹಿಂದೆ, ಕೆನ್ನೆಯ ಮೇಲೆ. ರಾತ್ರಿ ತುರಿಸಿಕೊಂಡು ಹಾಸಿಗೆಯ ಹೊದಿಕೆಯಲ್ಲಿ ರಕ್ತದ ಚುಕ್ಕೆ ಬಿದ್ದದ್ದೂ ಇದೆ.

ಮಕ್ಕಳ ವೈದ್ಯೆ

ಹಾಗಿದ್ದರೆ ವರದಿಯನ್ನು ಮಡಚಿ ಕಪಾಟಿನಲ್ಲಿಡಿ. ಐಜಿಜಿ ಪ್ರತಿಕಾಯ ನಾವು ತಿಂದ ಆಹಾರದ ಪರಿಚಯದ ಗುರುತು, ಬಹಳ ಸಲ ಆ ಆಹಾರ ಒಗ್ಗಿದೆ ಎಂಬುದರ ಗುರುತು. ನಿಮ್ಮ ಮಗ ಬಾಳೆಹಣ್ಣು ತಿನ್ನುತ್ತಿದ್ದ, ಆದ್ದರಿಂದ ಬಾಳೆಹಣ್ಣಿನ ಮುಂದೆ ಗುರುತು ಬಿದ್ದಿದೆ. ಅಲರ್ಜಿ ಪತ್ತೆಗೆ ಇದನ್ನು ಬಳಸಬಾರದು ಎಂದು ಅಮೆರಿಕ, ಕೆನಡಾ, ಯುರೋಪಿನ ಅಲರ್ಜಿ ತಜ್ಞರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ಕೂದಲಿನ ಪರೀಕ್ಷೆ, ಸ್ನಾಯುಬಲದ ಪರೀಕ್ಷೆ ಎಂದು ಮಾರುವವಕ್ಕೂ ಇದೇ ಮಾತು.

ಅವನು ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಿದ್ದ ಹಾಲು, ಗೋಧಿ, ಬಾಳೆಹಣ್ಣನ್ನು ಇಂದೇ ಮರಳಿ ಕೊಡಿ. ಕದಡಿದ, ಬೇಯಿಸಿದ, ಹಸಿ ಮೊಟ್ಟೆಯನ್ನು ಮಾತ್ರ ತಜ್ಞರನ್ನು ಕಾಣುವವರೆಗೆ ಕೊಡಬೇಡಿ. ಮನೆಯಲ್ಲೇ ಇನ್ನೊಂದು ಸಲ ಕೊಟ್ಟು ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಆರನೆಯ ತಿಂಗಳಿನ ಕಥೆ

ಎರಡನೆಯ ಬಗೆಯ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲವೆಂದು ನಾನು ಬರೆಯುತ್ತಿದ್ದೇನೆ. ಇದನ್ನು ಓದಿ ಒಂದು ಮನೆಗಾದರೂ ನಮ್ಮ ಪಾಡು ತಪ್ಪಲಿ.

ಮಗಳಿಗೆ ಆರೂವರೆ ತಿಂಗಳಿದ್ದಾಗ ಓಟ್ಸ್ ಗಂಜಿ ಕೊಟ್ಟೆವು. ಚೆನ್ನಾಗಿಯೇ ತಿಂದಳು, ಆಡಿದಳು, ಮಲಗಿದಳು. ಎರಡು ಗಂಟೆಯ ಮೇಲೆ ಎದ್ದು ವಾಂತಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದೆ ಹಳದಿ ನೀರು ಬರುವವರೆಗೂ. ಮುಖ ಬಿಳಿಚಿಕೊಂಡು, ಕೈಕಾಲು ಬಟ್ಟೆಯಂತೆ ಜೋತುಬಿದ್ದವು. ಮೈಮೇಲೆ ಒಂದು ದದ್ದೂ ಇಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆಯ ಸೋಂಕು ಎಂದು ಡ್ರಿಪ್ ಹಾಕಿದರು. ಸಂಜೆಗೆ ನಗುತ್ತಿದ್ದಳು. ಹತ್ತು ದಿನ ಬಿಟ್ಟು ಮತ್ತೆ ಅದೇ. ಮತ್ತೆ ಸೋಂಕು ಎಂದರು. ಮೂರನೆಯ ಸಲ ನನ್ನ ತಮ್ಮ ಒಂದು ಕಾಗದ ತೆಗೆದುಕೊಂಡು ಮೂರೂ ದಿನ ಅವಳು ಏನೇನು ತಿಂದಿದ್ದಳು ಎಂದು ಬರೆಸಿದ. ಮೂರರಲ್ಲೂ ಸಮಾನವಾಗಿದ್ದದ್ದು ಓಟ್ಸ್ ಒಂದೇ. ಮೂರು ಸಲವೂ ಸುಮಾರು ಎರಡು ಗಂಟೆಯ ಅಂತರ. ಮನೆಯಲ್ಲಿ ಬೇರೆ ಯಾರಿಗೂ ಭೇದಿ, ಜ್ವರ ಇರಲಿಲ್ಲ.

ಇದನ್ನು ಎಫ್‌ಪಿಐಇಎಸ್ ಎನ್ನುತ್ತಾರೆ, ಆಹಾರದ ಪ್ರೋಟೀನಿನಿಂದ ಕರುಳು ಕೆರಳುವ ಸ್ಥಿತಿ. ತಿಂದ ಒಂದರಿಂದ ನಾಲ್ಕು ಗಂಟೆಯೊಳಗೆ ಬಿಡದೆ ವಾಂತಿ. ಚರ್ಮದ ಪರೀಕ್ಷೆ ಮಾಡಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಐಜಿಇ ಇಲ್ಲ. ಮಗಳ ಪರೀಕ್ಷೆಯಲ್ಲಿ ಏನೂ ಬರಲಿಲ್ಲ ಎಂದು ನಾವು ಮತ್ತೆ ಓಟ್ಸ್ ಕೊಡುವವರಿದ್ದೆವು. ನೆನೆದರೆ ಈಗಲೂ ಎದೆ ನಡುಗುತ್ತದೆ. ಅವಳು ಮೂರು ವರ್ಷಕ್ಕೆ ಅದನ್ನು ದಾಟಿದಳು.

ಹಸಿರು ಅಂಗಳ

ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು ಕೊಡಬಹುದಲ್ಲವೇ? ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದೆವು, ಹೊಟ್ಟೆನೋವು ನಿಂತಿತು.

ಮಕ್ಕಳ ವೈದ್ಯೆ

ನಿಮ್ಮ ಮಗುವಿನದು ಬಹುಶಃ ಅಲರ್ಜಿಯಾಗಿರಲಿಲ್ಲ. ಹಸುವಿನ ಹಾಲಿನ ನಿಜವಾದ ಅಲರ್ಜಿ ಇರುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗಿಂತ ಹೆಚ್ಚಿನವರಿಗೆ ಆಡಿನ ಹಾಲೂ ಆಗುವುದಿಲ್ಲ. ಪ್ರೋಟೀನುಗಳು ಅಷ್ಟು ಹೋಲುತ್ತವೆ. ಅಂಥ ಮಗುವಿಗೆ ಬದಲಿ ಎಂದು ಅದನ್ನು ಕೊಡುವುದು ಅಪಾಯ. ವಾಂತಿಭೇದಿ ಬಂದು ಹೋದ ಮೇಲೆ ಕೆಲವು ವಾರ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಅರಗದೆ ಹೊಟ್ಟೆ ಉಬ್ಬರಿಸುವುದು ಬೇರೆ ವಿಷಯ, ಅದು ತಾನಾಗಿ ಸರಿಹೋಗುತ್ತದೆ. ಅದು ಅಲರ್ಜಿಯಲ್ಲ, ಗಂದೆ ಎಬ್ಬಿಸುವುದಿಲ್ಲ.

ಕೆಂಪು ಕೆನ್ನೆ

ನಮ್ಮದು ಬಹುಶಃ ಎಲ್ಲರಿಗಿಂತ ವಿಚಿತ್ರ. ಮಗ ಹುಳಿ ಹಣ್ಣು ಬಾಯಿಗಿಟ್ಟರೆ ಸಾಕು, ಎಡಗೆನ್ನೆಯಲ್ಲಿ ಕಿವಿಯ ಮುಂದಿನಿಂದ ಬಾಯಿಯ ಅಂಚಿನವರೆಗೆ ಒಂದು ಕೆಂಪು ಪಟ್ಟಿ ಎಳೆದಂತೆ ಮೂಡುತ್ತಿತ್ತು. ಕಿತ್ತಳೆಗೆ ಬಂತು, ಟೊಮೇಟೊಗೆ ಬಂತು, ದ್ರಾಕ್ಷಿಗೆ ಬಂತು. ಒಂದೊಂದಾಗಿ ಎಲ್ಲ ಹಣ್ಣೂ ನಿಲ್ಲಿಸಿದ್ದೆ. ತಜ್ಞರು ನನ್ನ ಪಟ್ಟಿಯನ್ನೆಲ್ಲ ಓದಿ, "ಹೆರಿಗೆಯಲ್ಲಿ ಇಕ್ಕಳ ಬಳಸಿದ್ದರೇ?" ಎಂದು ಕೇಳಿದರು. ಬಳಸಿದ್ದರು. ಕೆನ್ನೆಯ ಒಂದು ನರಕ್ಕೆ ಪೆಟ್ಟಾಗಿದ್ದರೆ, ಜೊಲ್ಲು ಸುರಿಸಲು ಬರುವ ಸಂದೇಶ ಚರ್ಮದ ರಕ್ತನಾಳಕ್ಕೂ ಹೋಗಿ ಹೀಗೆ ಕೆಂಪಾಗುತ್ತದಂತೆ. ಫ್ರೇ ಸಿಂಡ್ರೋಮ್ ಎಂದರು. ಉಬ್ಬಿಲ್ಲ, ತುರಿಕೆಯಿಲ್ಲ, ಒಂದೇ ಕಡೆ, ಒಂದೇ ಆಕಾರ, ಅರ್ಧ ಗಂಟೆಯಲ್ಲಿ ಮಾಯ. ಚಿಕಿತ್ಸೆಯೇ ಬೇಡ ಎಂದರು. ಮನೆಗೆ ಬಂದು ಅವನಿಗೆ ಒಂದು ಇಡೀ ಕಿತ್ತಳೆ ಬಿಡಿಸಿ ಕೊಟ್ಟೆ.

ಹುಳಿ ಹಣ್ಣಿನ ರಸ ಬಾಯಿಯ ಸುತ್ತ ತಗಲಿ ಅಲ್ಲಷ್ಟೇ ಚರ್ಮ ಕೆಂಪಾಗುವುದು ಕೂಡ ಬಹಳ ಮಕ್ಕಳಲ್ಲಿ ಇರುತ್ತದೆ, ಅದೂ ಅಲರ್ಜಿಯಲ್ಲ ಎಂದು ಆಗ ತಿಳಿಯಿತು.

ನಡುಹಗಲು

ಪುಟಾಣಿಯ ಅಮ್ಮನವರೇ, ಹಾಲು ಗೋಧಿಗಳನ್ನು ಮರಳಿ ಶುರು ಮಾಡಿದಿರಾ? ವೈದ್ಯೆಯವರು ಅದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಅದರ ಹಿಂದೆ ಎಷ್ಟು ಇದೆ ಎಂಬುದನ್ನು ನಾನು ಹೇಳುತ್ತೇನೆ.

ನನ್ನ ಮಗನಿಗೂ ಎಕ್ಸಿಮಾ. ಒಂದು ವರ್ಷ ತುಂಬಿದಾಗ ರಕ್ತ ಪರೀಕ್ಷೆಯಲ್ಲಿ ಹಾಲಿಗೆ ಐಜಿಇ ಸ್ವಲ್ಪ ಏರಿತ್ತು. ಆಗ ಅವನು ದಿನಾಲೂ ಎರಡು ಲೋಟ ಹಾಲು ಕುಡಿಯುತ್ತಿದ್ದ, ಒಂದು ದಿನವೂ ಏನೂ ಆಗಿರಲಿಲ್ಲ. ಆದರೂ ವರದಿ ನಂಬಿ ಹಾಲು, ಬೆಣ್ಣೆ, ಎಲ್ಲ ನಿಲ್ಲಿಸಿದೆ. ಒಂಬತ್ತು ತಿಂಗಳು. ಎಕ್ಸಿಮಾ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ತೂಕದ ಗೆರೆ ಮಾತ್ರ ಬೆಳವಣಿಗೆಯ ಪಟ್ಟಿಯಲ್ಲಿ ಅಡ್ಡಡ್ಡ ಹೋಯಿತು. ಪ್ರಯೋಜನವಿಲ್ಲವೆಂದು ತೋರಿ ಒಂದು ಸಂಜೆ ಅರ್ಧ ಲೋಟ ಹಾಲು ಕೊಟ್ಟೆ. ಹತ್ತು ನಿಮಿಷದೊಳಗೆ ತುಟಿ ಊದಿತು, ಕೆಮ್ಮು ಬಂತು, ಅಳುವ ಧ್ವನಿ ಗೊಗ್ಗರಾಯಿತು. ಆಸ್ಪತ್ರೆಯ ಬಾಗಿಲಲ್ಲೇ ಜೀವ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು.

ಎರಡು ಲೋಟ ಕುಡಿದು ಅರಗಿಸಿಕೊಳ್ಳುತ್ತಿದ್ದ ಮಗುವಿನಿಂದ ಆ ರೂಢಿಯನ್ನು ಕಿತ್ತುಕೊಂಡವಳು ನಾನೇ. ರಕ್ಷಿಸುತ್ತಿದ್ದೇನೆ ಎಂದುಕೊಂಡು ಮಾಡಿದೆ.

ಮಕ್ಕಳ ವೈದ್ಯೆ

ನಡುಹಗಲು ಅವರೇ, ಇದನ್ನು ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ತಪ್ಪು ನಿಮ್ಮದಲ್ಲ, ಆ ಸಂಖ್ಯೆಯನ್ನು ನಿಮ್ಮ ಕೈಗಿತ್ತು ಅದರ ಅರ್ಥ ಹೇಳದೆ ಬಿಟ್ಟವರದು. ರಕ್ತದಲ್ಲಿ ಐಜಿಇ ಇರುವುದೆಂದರೆ ದೇಹ ಆ ಆಹಾರವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ. ಅಂಥ ಮಕ್ಕಳಲ್ಲಿ ಬಹಳ ಮಂದಿ ಅದೇ ಆಹಾರವನ್ನು ತಿಂದು ಚೆನ್ನಾಗಿಯೇ ಇರುತ್ತಾರೆ. ನಿಯಮಿತವಾಗಿ ತಿನ್ನುವುದೇ ಅವರ ಸಹನೆಯನ್ನು ಕಾಯುತ್ತಿರುತ್ತದೆ. ಎಕ್ಸಿಮಾ ಇರುವ ಮಗುವಿನಲ್ಲಿ ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ ಆ ಸಹನೆ ಹೋಗಿ ನಿಜವಾದ, ತೀವ್ರವಾದ ಅಲರ್ಜಿ ಎದುರಾಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅದಕ್ಕೇ ಮಗು ತೊಂದರೆಯಿಲ್ಲದೆ ತಿನ್ನುತ್ತಿರುವ ಆಹಾರವನ್ನು ನಾವು ಪರೀಕ್ಷೆಗೇ ಹಾಕುವುದಿಲ್ಲ.

ಪುಟಾಣಿಯ ಅಮ್ಮ

ಅಂದೇ ಎಲ್ಲ ಮರಳಿ ಕೊಟ್ಟೆ. ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆಲ್ಲ ಮೆತ್ತಿಕೊಂಡ. ನಡುಹಗಲು ಅವರ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಅವನಿಗೆ ಹಾಲು ಕಾಯಿಸಿ ತಂದರು.

ನಿನ್ನೆ ಅಲರ್ಜಿ ತಜ್ಞರನ್ನು ಕಂಡೆವು. ಮೊಬೈಲಿನ ಚಿತ್ರಗಳನ್ನು ನೋಡಿದರು. ಎಷ್ಟು ಚಮಚ, ಹೇಗೆ ಬೇಯಿಸಿದ್ದು, ಆ ದಿನ ಬೇರೆ ಔಷಧಿ ಕೊಟ್ಟಿದ್ದಿರಾ, ಕೇಕ್ ಎಷ್ಟು ದೊಡ್ಡ ತುಂಡು, ಅದು ಪೂರ್ತಿ ಬೆಂದಿತ್ತೇ ಎಂದು ಕೇಳಿ ಕೇಳಿ ಬರೆದುಕೊಂಡರು. ಅರ್ಧ ಗಂಟೆ ಕೇಳಿದ್ದರಲ್ಲೇ ಹೋಯಿತು. ಆಮೇಲೆ ಸ್ಕಿನ್ ಪ್ರಿಕ್ ಪರೀಕ್ಷೆ. ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ನನ್ನು ತಡೆಯುವ ಸಿರಪ್ ಕೊಟ್ಟಿದ್ದರೆ ಪರೀಕ್ಷೆ ಸರಿಯಾಗಿ ಬರುವುದಿಲ್ಲವೆಂದು ಕೆಲವು ದಿನ ಮೊದಲೇ ನಿಲ್ಲಿಸಲು ಹೇಳಿದ್ದರು.

ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಮುಂಗೈ ಮೇಲೆ ಪೆನ್ನಿನಲ್ಲಿ ನಾಲ್ಕು ಗುರುತು ಹಾಕಿ, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟರು: ಮೊಟ್ಟೆಯ ಬಿಳಿ, ಕಡಲೆಕಾಯಿ, ಖಂಡಿತ ಉಬ್ಬಬೇಕಾದ ಹಿಸ್ಟಮಿನ್, ಉಬ್ಬಲೇಬಾರದ ಉಪ್ಪುನೀರು. ಪ್ರತಿ ಹನಿಯ ಮೂಲಕ ಚರ್ಮವನ್ನು ಸೂಜಿಯಂಥದರಿಂದ ಮೆಲ್ಲಗೆ ಗೀರಿದರು, ರಕ್ತ ಬರಲಿಲ್ಲ. ಅವನಿಗೆ ನೋವಿಗಿಂತ ಕೈ ಹಿಡಿದದ್ದಕ್ಕೇ ಸಿಟ್ಟು. ಹದಿನೈದು ನಿಮಿಷ ಆ ಕೈಯನ್ನು ಬಾಯಿಗೆ ಹಾಕಿಕೊಳ್ಳದಂತೆ ಹಿಡಿದಿಡುವುದೇ ನಮಗೆ ದೊಡ್ಡ ಕೆಲಸವಾಯಿತು. ಐದನೆಯ ನಿಮಿಷಕ್ಕೇ ಮೊಟ್ಟೆಯ ಗುರುತಿನ ಪಕ್ಕ ಬೆಳ್ಳಗೆ ಒಂದು ಗುಳ್ಳೆ ಎದ್ದು, ಸುತ್ತ ಕೆಂಪು ಹರಡಿತು. ಅಳತೆಪಟ್ಟಿ ಇಟ್ಟಾಗ ಮೊಟ್ಟೆ 5 ಮಿಲಿಮೀಟರ್, ಹಿಸ್ಟಮಿನ್ 4, ಉಪ್ಪುನೀರು ಸೊನ್ನೆ, ಕಡಲೆಕಾಯಿ ಸೊನ್ನೆ. ಉಪ್ಪುನೀರಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಗಣನೆಗೆ ಬರುತ್ತದೆ ಎಂದು ವಿವರಿಸಿದರು. ಉಬ್ಬೊಂದೇ ಇದ್ದಿದ್ದರೆ ಅಲರ್ಜಿ ಎನ್ನುತ್ತಿರಲಿಲ್ಲವಂತೆ. ಆ ಭಾನುವಾರದ ಬೆಳಗೂ ಈ ಉಬ್ಬೂ ಒಂದೇ ಮಾತು ಹೇಳುತ್ತಿರುವುದರಿಂದ ಮೊಟ್ಟೆಯ ಅಲರ್ಜಿ ಎಂದು ತೀರ್ಮಾನಿಸಿದರು. ಕೇಕ್ ಮುಂದುವರಿಸಿ, ವಾರದಲ್ಲಿ ಕೆಲವು ಸಲ ಕೊಡಿ ಎಂದರು.

ನನಗೆ ಅರ್ಥವಾಗದ್ದು ಒಂದೇ. ಅವನು ತಿಂದೇ ಇಲ್ಲದ ಕಡಲೆಕಾಯಿಯನ್ನು ಏಕೆ ಪರೀಕ್ಷಿಸಿದರು? ಮೂರು ವರ್ಷದವರೆಗೆ ಕೊಡುವುದು ಬೇಡ ಎಂದುಕೊಂಡಿದ್ದೆ.

ಮಕ್ಕಳ ವೈದ್ಯೆ

ನೀವು ಅಂದುಕೊಂಡದ್ದನ್ನೇ ಒಂದು ಕಾಲದಲ್ಲಿ ನಾವೂ ಹೇಳುತ್ತಿದ್ದೆವು. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಸಲಹೆ ನೀಡಿತ್ತು. ಆಧಾರವಿಲ್ಲವೆಂದು 2008ರಲ್ಲಿ ಅದನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರ ಲೀಪ್ ಅಧ್ಯಯನ ಪ್ರಕಟವಾಯಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ, ಇಲ್ಲವೇ ಎರಡೂ ಇದ್ದ 640 ಶಿಶುಗಳು, 4ರಿಂದ 11 ತಿಂಗಳೊಳಗಿನವರು. ಅರ್ಧದಷ್ಟು ಮಕ್ಕಳು ಕಡಲೆಕಾಯಿಯನ್ನು ನಿಯಮಿತವಾಗಿ ತಿಂದರು, ಉಳಿದವರು ಮುಟ್ಟಲಿಲ್ಲ. ಐದು ವರ್ಷ ತುಂಬುವಾಗ ಮುಟ್ಟದವರಲ್ಲಿ ಶೇಕಡಾ 17.2ರಷ್ಟು ಮಂದಿಗೆ ಕಡಲೆಕಾಯಿ ಅಲರ್ಜಿ ಇತ್ತು, ತಿಂದವರಲ್ಲಿ ಶೇಕಡಾ 3.2ರಷ್ಟು ಮಂದಿಗೆ.

ನಿಮ್ಮ ಮಗನ ವಿವರ ಆ 640 ಮಕ್ಕಳ ವಿವರದಂತೆಯೇ ಇದೆ. ಉಬ್ಬು ಸೊನ್ನೆ ಬಂದಿರುವುದರಿಂದ ನಿಮ್ಮ ತಜ್ಞರು ಕಡಲೆಕಾಯಿ ಶುರು ಮಾಡಲು ಹೇಳಿರಬೇಕು, ಇಲ್ಲವಾದರೆ ನೀವೇ ಕೇಳಿ. ಇಡೀ ಬೀಜ ಐದು ವರ್ಷದವರೆಗೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ತೆಳ್ಳಗೆ ಮಾಡಿ, ಆರೋಗ್ಯವಾಗಿರುವ ದಿನ ಬೆಳಿಗ್ಗೆ ಚಮಚದ ತುದಿಯಷ್ಟು ಕೊಟ್ಟು ನೋಡಿ, ಮತ್ತೆರಡು ಗಂಟೆ ಕಣ್ಣೆದುರೇ ಇರಲಿ. ಒಗ್ಗಿದ ಮೇಲೆ ವಾರವಾರವೂ ತಪ್ಪದೆ ಕೊಡಬೇಕು.

ಎಕ್ಸಿಮಾವನ್ನೂ ಅಸಡ್ಡೆ ಮಾಡಬೇಡಿ. ಬಿರುಕುಬಿಟ್ಟ ಚರ್ಮದ ಮೂಲಕ ಆಹಾರದ ಕಣ ಒಳಹೊಕ್ಕರೆ ದೇಹ ಅದನ್ನು ಶತ್ರುವೆಂದು, ಬಾಯಿಯ ಮೂಲಕ ಬಂದರೆ ಆಹಾರವೆಂದು ಕಲಿಯುವ ಸಾಧ್ಯತೆ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ನಿಮ್ಮ ಮಗ ಕದಡಿದ ಮೊಟ್ಟೆಯನ್ನು ಮೊದಲ ಸಲ ತಿಂದಾಗಲೇ ಪ್ರತಿಕ್ರಿಯೆ ಬಂದದ್ದು ಹೀಗೆ ಇರಬಹುದು.

ತುರ್ತು ಘಟಕದ ನರ್ಸ್

ಅವಸರದ ಸಂದರ್ಭದ ಬಗ್ಗೆ ನಾಲ್ಕು ಮಾತು. ಮಾತು ಬಾರದ ಮಗು ಗಂಟಲು ಬಿಗಿಯುತ್ತಿದೆ ಎಂದು ಹೇಳಲಾರದು. ನಾಲಿಗೆಯನ್ನು ಕೈಯಿಂದ ಕೆರೆಯುತ್ತದೆ, ಜೊಲ್ಲು ನುಂಗಲಾಗದೆ ಸುರಿಸುತ್ತದೆ, ಅಳು ಗೊಗ್ಗರಾಗುತ್ತದೆ, ಬಿಡದೆ ಕೆಮ್ಮುತ್ತದೆ. ನಾನು ಎಲ್ಲಕ್ಕಿಂತ ಹೆದರುವುದು ಅಳುತ್ತಿದ್ದ ಮಗು ಒಮ್ಮೆಲೇ ಸುಮ್ಮನಾಗಿ, ಬಿಳಿಚಿ, ಮೈ ಸಡಿಲ ಬಿಟ್ಟಾಗ. ಅದು ನಿದ್ದೆಯಲ್ಲ. ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿಯಲ್ಲಿ ಜೀವ ಉಳಿಸುವ ಔಷಧ ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ಆಂಟಿಹಿಸ್ಟಮಿನ್ ಸಿರಪ್ ತುರಿಕೆ ಇಳಿಸುತ್ತದೆ, ಉಸಿರನ್ನೂ ರಕ್ತದೊತ್ತಡವನ್ನೂ ಕಾಪಾಡುವುದಿಲ್ಲ. ಸಿರಪ್ ಕೊಟ್ಟು ಕಾದು ನೋಡಿ ತಡವಾಗಿ ಬಂದ ಮಕ್ಕಳನ್ನು ಎತ್ತಿಕೊಂಡಿದ್ದೇನೆ.

ಅಂಥ ಹೊತ್ತಿನಲ್ಲಿ ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಬೇಡಿ, ರಕ್ತದೊತ್ತಡ ಕುಸಿಯುತ್ತದೆ. ಮಲಗಿಸಿಯೇ ಸಾಗಿಸಿ, ಉಸಿರಾಟ ಕಷ್ಟವಾಗಿದ್ದರೆ ಮಾತ್ರ ಆನಿಸಿ ಕೂರಿಸಬಹುದು. ಚುಚ್ಚುಮದ್ದು ಮನೆಯಲ್ಲಿ ಬೇಕೇ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ವೈದ್ಯರು ತೂಕ ನೋಡಿ ಬರೆದುಕೊಡಬೇಕು. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಅದನ್ನು ಬಳಸಲು ಬರಬೇಕು, ಅಜ್ಜಿಗೂ.

ಪುಟಾಣಿಯ ಅಮ್ಮ (ಹದಿಮೂರು ತಿಂಗಳ ನಂತರ)

ಆಗ ಸಹಾಯ ಮಾಡಿದವರಿಗೆ ಮುಂದಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆಂದು ಬಂದಿದ್ದೇನೆ. ಮಗನಿಗೆ ಎರಡು ವರ್ಷ ತುಂಬಿದೆ. ಕಡಲೆಕಾಯಿ ಮೊದಲ ದಿನದಿಂದಲೂ ಒಗ್ಗಿದೆ. ಮೊಟ್ಟೆಯ ಉಬ್ಬು ಈ ಸಲ 3 ಮಿಲಿಮೀಟರಿಗೆ ಇಳಿದಿತ್ತು. ಹಾಗಾಗಿ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡುವ ಪರೀಕ್ಷೆಗೆ ಕರೆದರು.

ಬೇಯಿಸಿದ ಮೊಟ್ಟೆಯನ್ನು ಚೂರು ಮಾಡಿ ತೂಗಿ ಇಟ್ಟಿದ್ದರು. ಮೊದಲ ಪಾಲು ಬಟಾಣಿಗಿಂತ ಚಿಕ್ಕದು. ಇಪ್ಪತ್ತು ನಿಮಿಷ ಕಾದು, ಮೈ ನೋಡಿ, ಉಸಿರು ಕೇಳಿ, ಆಮೇಲೆ ಅದಕ್ಕಿಂತ ದೊಡ್ಡದು. ಮೂರನೆಯ ಪಾಲಿನ ನಂತರ ಅವನು ಬಲಗಿವಿ ಉಜ್ಜಿಕೊಂಡ. ನನ್ನ ಕೈ ತಣ್ಣಗಾಯಿತು. ನರ್ಸ್ ಬಂದು ಅಂಗಿ ಎತ್ತಿ ನೋಡಿದರು, ವೈದ್ಯರು ಬಂದು ನೋಡಿದರು. ಮುಂದಿನ ಪಾಲು ಕೊಡದೆ ಇನ್ನಷ್ಟು ಹೊತ್ತು ಕಾದರು. ಗೋಡೆಯ ಗಡಿಯಾರದ ಕೆಳಗೆ ಕುಳಿತು ಅವನು ನನ್ನ ಚೀಲದ ಜಿಪ್ಪನ್ನು ಎಳೆಯುತ್ತಲೇ ಇದ್ದ. ಏನೂ ಆಗಲಿಲ್ಲ, ಮುಂದುವರಿಸಿದರು. ಕೊನೆಯ ಪಾಲು ಮುಗಿಸಿ ಎರಡು ಗಂಟೆ ಅಲ್ಲೇ ಉಳಿಸಿಕೊಂಡರು. ಅವನು ನನ್ನ ಮಡಿಲಲ್ಲೇ ನಿದ್ದೆ ಹೋದ. ನಾನು ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತಿದ್ದೆ. ಚರ್ಮ ಕೊನೆಯವರೆಗೂ ತಿಳಿಯಾಗಿಯೇ ಇತ್ತು.

ಇನ್ನು ಮೊಟ್ಟೆಯನ್ನು ನಿಯಮಿತವಾಗಿ ತಿನ್ನಬೇಕಂತೆ. ಅವನಿಗೆ ಆ ರುಚಿಯೇ ಇಷ್ಟವಿಲ್ಲ, ಉಗುಳುತ್ತಾನೆ. ಯಾರಿಗಾದರೂ ಉಪಾಯ ಗೊತ್ತೇ?

ನಡುಹಗಲು

ಸಂತೋಷದಿಂದ ಕಣ್ಣು ತುಂಬಿತು. ಬಹಳ ಕಾಲ ದೂರವಿಟ್ಟ ಆಹಾರವನ್ನು ಮಕ್ಕಳು ಹೀಗೆಯೇ ನಿರಾಕರಿಸುತ್ತಾರೆ. ನಾವು ಆಲೂಗಡ್ಡೆಯೊಂದಿಗೆ ಕಿವುಚಿ ಶುರು ಮಾಡಿದೆವು. ಹಾಲಿನ ವಿಷಯದಲ್ಲಿ ನನ್ನ ಮಗ ಈಗ ಬೇಯಿಸಿದ ರೂಪದವರೆಗೆ ಬಂದಿದ್ದಾನೆ.

ಹೊಸಬಳು

ಕ್ಷಮಿಸಿ, ಹಳೆಯ ಚರ್ಚೆಯಲ್ಲಿ ನಡುವೆ ಬರುತ್ತಿದ್ದೇನೆ. ನನ್ನ ಮಗಳಿಗೆ ಒಂದೂವರೆ ವರ್ಷ. ಗೋಡಂಬಿ ಅರೆದು ಹಾಕಿದ್ದನ್ನು ಈಗಷ್ಟೇ ತಿನ್ನಿಸಿದೆ, ತುಟಿ ಊದಿದಂತೆ ಕಾಣುತ್ತಿದೆ. ಯಾವ ಪರೀಕ್ಷೆ ಮಾಡಿಸಬೇಕು?

ಪುಟಾಣಿಯ ಅಮ್ಮ

ಪರೀಕ್ಷೆಯ ಮಾತು ಆಮೇಲೆ. ಕೆಮ್ಮುತ್ತಿದ್ದಾಳೆಯೇ? ಧ್ವನಿ ಬದಲಾಗಿದೆಯೇ? ವಾಂತಿ ಮಾಡಿದಳೇ, ಸುಸ್ತಾಗಿ ಜೋತುಬಿದ್ದಿದ್ದಾಳೆಯೇ? ಇವುಗಳಲ್ಲಿ ಒಂದಿದ್ದರೂ ಈ ಕ್ಷಣವೇ ಆಂಬುಲೆನ್ಸ್ ಕರೆಯಿರಿ, ಮಲಗಿಸಿ, ಎತ್ತಿ ಓಡಾಡಿಸಬೇಡಿ. ಯಾವುದೂ ಇಲ್ಲದಿದ್ದರೂ ಒಬ್ಬರೇ ಕಾಯುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಹೊರಡುವ ಮೊದಲು ಮುಖದ ಒಂದು ಚಿತ್ರ ತೆಗೆದುಕೊಳ್ಳಿ, ಎಷ್ಟು ಗಂಟೆಗೆ ತಿಂದಳೆಂದು ಎಲ್ಲಾದರೂ ಬರೆದಿಡಿ. ಆಸ್ಪತ್ರೆ ಮುಟ್ಟಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ನಾನು ಎಚ್ಚರವಾಗಿರುತ್ತೇನೆ.